ನಾಲ್ಕು ಸಾವಿರದ ಗೆರೆ

ಎಲ್ಲ ಅನಾಹುತಕ್ಕೂ ಮೂಲ ಒಂದು ಪುಸ್ತಕದ ಅರವತ್ತೊಂದನೆಯ ಪುಟ.

ಪುಸ್ತಕ ಕಾರಿನದು. ಕಾರು ಮುದ್ರಣಾಲಯದ ಮಾಲೀಕರದು. ಅನಾಹುತ ಮಾತ್ರ, ಎಂದಿನಂತೆ, ನಿಧಾನಯ್ಯನದು.

ನಿಧಾನಯ್ಯ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಇಪ್ಪತ್ತೆರಡು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಗಳಿಸಿದ್ದು. ಔಷಧಿ ಡಬ್ಬಿಗಳೊಳಗೆ ಎಂಟು ಮಡಿಕೆಯಾಗಿ ಅಡಗಿರುವ ಚೀಟಿಗಳನ್ನು ಅಚ್ಚು ಹಾಕುವ ಆ ಮುದ್ರಣಾಲಯದಲ್ಲಿ ಅವನು ಪ್ರೂಫ್ ತಿದ್ದುವವ. ಅಂಥ ಚೀಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದುವ ಮನುಷ್ಯ ಭೂಮಿಯ ಮೇಲೆ ಅವನೊಬ್ಬನೇ ಇದ್ದರೂ ಇರಬಹುದು. ದಿನಕ್ಕೆ ಆರು ಪುಟ ತಿದ್ದುತ್ತಿದ್ದ. ಆ ಆರರಲ್ಲಿ ಒಂದು ಚುಕ್ಕೆ ಕೂಡ ದಾರಿ ತಪ್ಪುತ್ತಿರಲಿಲ್ಲ. ಅವನ ಎದುರು ಮೇಜಿನವನಿಗೆ ಎಲ್ಲರೂ ಇಟ್ಟ ಹೆಸರು ‘ಸರಸರ’. ಅವನದು ದಿನಕ್ಕೆ ಮೂವತ್ತು ಪುಟ. ತಪ್ಪುಗಳು ಅವನ ವೇಗಕ್ಕೆ ಬೆದರಿ ಇದ್ದಲ್ಲೇ ಉಸಿರು ಬಿಗಿಹಿಡಿದು ಕೂತಿರುತ್ತಿದ್ದವು; ಅವನು ಗಮನಿಸದೆ ದಾಟಿಹೋದ ಮೇಲೆ ನೆಮ್ಮದಿಯಾಗಿ ಅಚ್ಚಿಗೆ ಹೋಗುತ್ತಿದ್ದವು.

ಈಗ ಮಾಲೀಕರು ಪ್ರೂಫ್ ಕೋಣೆಗೆ ಎರಡು ಕುರ್ಚಿ ಯಾಕೆ, ಒಂದು ಸಾಕು ಎಂದು ತೀರ್ಮಾನಿಸಿದ್ದರು. ಯಾವ ಕುರ್ಚಿ ಉಳಿಯುತ್ತದೆಂದು ತಿಂಗಳ ಕೊನೆಗೆ ಗೊತ್ತಾಗುವುದಿತ್ತು. ಕೋಣೆಯಲ್ಲಿದ್ದ ಕಸದ ಬುಟ್ಟಿಗೂ ಅದು ಆಗಲೇ ಗೊತ್ತಿತ್ತು.

ಅಷ್ಟರಲ್ಲಿ ಕಾರು ಬಂತು. ಕೆಂಪು ಬಣ್ಣ, ನೆಲಕ್ಕೆ ಹೊಟ್ಟೆ ತಾಗಿಸಿ ಹೊಂಚು ಹಾಕಿದ ಹುಲಿಯ ಠೀವಿ. ನಿಂತ ಜಾಗದಿಂದ ನೂರರ ವೇಗಕ್ಕೆ ನಾಲ್ಕೇ ಸೆಕೆಂಡು. ಆದರೆ ಅರವತ್ತೊಂದನೆಯ ಪುಟದಲ್ಲಿ ನಾಲ್ಕು ಸಾಲುಗಳಿದ್ದವು. ಇಂಜಿನ್ ಪಳಗುವ ಮೊದಲ ಒಂದೂವರೆ ಸಾವಿರ ಕಿಲೋಮೀಟರು ಅದು ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ದಾಟಬಾರದು. ಹೆಚ್ಚು ಹೊತ್ತು ಒಂದೇ ವೇಗದಲ್ಲಿ ಓಡಿಸಬಾರದು. ಗಕ್ಕನೆ ಬ್ರೇಕ್ ಹಾಕಬಾರದು. ಹೆಚ್ಚು ಭಾರ ಹೇರಬಾರದು.

ಮಾಲೀಕರು ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ನಿಧಾನಯ್ಯನನ್ನು ತಮ್ಮ ಕೋಣೆಗೆ ಕರೆದು ಕೂರಲು ಹೇಳಿದರು.

“ರೀ ನಿಧಾನಯ್ಯ, ನನ್ನ ಬಲಗಾಲು ನನ್ನ ಮಾತು ಕೇಳಲ್ಲ ಕಣ್ರೀ. ಪೆಡಲ್ ಕಂಡ್ರೆ ಜಿರಲೆ ಕಂಡ ಹಾಗೆ ತುಳಿದುಬಿಡತ್ತೆ. ಈ ಕಾರನ್ನ ಒಂದೂವರೆ ಸಾವಿರದ ತನಕ ನೀವೇ ಓಡಿಸ್ಬೇಕು. ಮುಂದಿನ ತಿಂಗಳು ಎರಡನೇ ತಾರೀಕು ನನ್ನ ತಮ್ಮನ ಕಾರಿನ ಜೊತೆ ಪಂದ್ಯ ಇದೆ. ಒಂದನೇ ತಾರೀಕು ಸಾಯಂಕಾಲ ಆರಕ್ಕೆ ಕಂಪನಿಯ ಮೆಕ್ಯಾನಿಕ್ ಇಲ್ಲಿಗೇ ಬಂದು ನೋಡ್ತಾನೆ. ಅಷ್ಟರೊಳಗೆ ಮುಗೀಬೇಕು.”

“ನಾನಾ ಸರ್?”

“ಮತ್ಯಾರು? ಊರಿಗೆಲ್ಲ ನಿಮ್ಮಷ್ಟು ನಿಧಾನ ಯಾರಿದಾರೆ ಹೇಳಿ. ನೋಡಿ, ಒಳಗೊಂದು ಪೆಟ್ಟಿಗೆ ಇದೆಯಂತೆ, ಎಲ್ಲಾ ಬರ್ಕೊಳತ್ತಂತೆ. ನಾಲ್ಕು ಸಾವಿರ ಒಂದೇ ಒಂದ್ಸಲ ದಾಟಿದ್ರೂ ನೀವು ಮನೆಗೆ. ದಾಟದೇ ತಂದ್ರೆ ಕುರ್ಚಿ ನಿಮ್ಮದು. ನನ್ನ ಮಾತು ಅಂದ್ರೆ ಅಚ್ಚಾದ ಹಾಗೆ.”

ನಿಧಾನಯ್ಯ ಪುಟದ ನಾಲ್ಕೂ ಕಡೆ ಅಂಚು ಬಿಟ್ಟು ಬದುಕಿದವನು. ಗೆರೆಯವರೆಗೂ ಹೋಗುವುದೆಂದರೆ ಗೆರೆಯನ್ನು ಮುಟ್ಟುವ ಅಪಾಯ. ಆದ್ದರಿಂದ ಅಂದೇ ಕೈಪಿಡಿ ತೆರೆದು, ಕಿವಿಗೆ ಸಿಕ್ಕಿಸಿದ್ದ ಕೆಂಪು ಪೆನ್ನು ತೆಗೆದು, ‘ನಾಲ್ಕು ಸಾವಿರ’ ಎಂಬುದನ್ನು ಹೊಡೆದುಹಾಕಿ ಪಕ್ಕದಲ್ಲಿ ದುಂಡಗೆ ‘ಎರಡು ಸಾವಿರ’ ಎಂದು ಬರೆದ. ತಿದ್ದಿದ ಮೇಲೆ ಅವನಿಗೆ ಸಮಾಧಾನವಾಯಿತು.

ಮೂರು ವಾರ ಬೆಳಿಗ್ಗೆ ಸಂಜೆ ಓಡಿಸಿದ. ಒಂದನೆಯ ತಾರೀಕು ಬೆಳಗಾದಾಗ ಮೀಟರಿನಲ್ಲಿ ಸಾವಿರದ ಮುನ್ನೂರ ಹದಿನೆಂಟು. ಇನ್ನು ಬೇಕಾದದ್ದು ನೂರ ಎಂಬತ್ತೆರಡು. ಇದ್ದದ್ದು ಒಂದು ಹಗಲು.

ಎಂಟು ಗಂಟೆಗೆ ಅವನು ಬಾಗಿಲು ದಾಟುವಾಗ ಹೆಂಡತಿ ಅಡ್ಡ ನಿಂತಳು.

“ಮೂರು ವಾರದಿಂದ ಮನೆ ಮುಂದೆ ಹುಲಿ ಕಟ್ಟಿದೀರ. ಒಂದ್ಸಲನಾದ್ರೂ ಗುರ್ ಅನ್ನಿಸ್ರೀ! ಎದುರುಮನೆಯವಳು ನಿನ್ನೆ ಕೇಳ್ತಾಳೆ, ‘ಅದಕ್ಕೆ ಇಂಜಿನ್ ಹಾಕಿಸೋದು ಯಾವಾಗ’ ಅಂತ.”

“ಗುರ್ ಅಂದ್ರೆ ಕೆಲಸ ಹೋಗತ್ತೆ ಕಣೇ.”

“ನಿಮ್ಮ ಕೈಯಲ್ಲಿ ಕೆಲಸ ಹೋಗೋದಕ್ಕೂ ಆರು ತಿಂಗಳು ಹಿಡಿಯತ್ತೆ, ಹೆದರ್ಬೇಡಿ.”

ಅವನು ಕಾರಿನ ಬಾಗಿಲು ತೆರೆದರೆ ಪಕ್ಕದ ಸೀಟಿನಲ್ಲಿ ಆಗಲೇ ಒಬ್ಬರು ಕೂತಿದ್ದರು. ಪಕ್ಕದ ಮನೆಯ ನಿವೃತ್ತ ಬಸ್ ಚಾಲಕರು. ಕೆನ್ನೆ ಬನ್ನಿನಂತೆ ಊದಿಕೊಂಡು, ಗದ್ದದಿಂದ ನೆತ್ತಿಯವರೆಗೆ ಟವೆಲು ಬಿಗಿದಿತ್ತು.

“ದವಡೆ ಹಲ್ಲು ಕಣಯ್ಯಾ. ದಂತವೈದ್ಯರ ಹತ್ರ ಬಿಟ್ಟುಬಿಡು.”

“ಭಾರ ಹೇರಬಾರದು ಅಂತ ಬರೆದಿದಾರೆ ಸರ್...”

“ನಾನು ಭಾರನಾ? ಅರವತ್ತು ಜನರನ್ನ ಹೊತ್ಕೊಂಡು ಗುಡ್ಡ ಹತ್ತಿಸಿದವನು ನಾನು. ನಡಿ ನಡಿ!”

ಕಾರು ಹೊರಟಿತು ಎನ್ನುವುದಕ್ಕಿಂತ, ಮನೆ ಹಿಂದಕ್ಕೆ ಸರಿಯಿತು ಎನ್ನಬೇಕು. ಮೊದಲ ತಿರುವಿಗೆ ಬರುವಷ್ಟರಲ್ಲಿ ಚಾಲಕರು ಮೂರು ಬಾರಿ ಗಡಿಯಾರ ನೋಡಿಕೊಂಡರು.

“ಏನಯ್ಯಾ, ಇಂಜಿನ್‌ಗೆ ಜೋಗುಳ ಹಾಡ್ತಿದೀಯಾ? ಹೊಸ ಇಂಜಿನ್‌ನ ಮುದ್ದು ಮಾಡ್ಬಾರ್ದು. ಒತ್ತಬೇಕು, ಬಿಡಬೇಕು. ಒತ್ತಬೇಕು, ಬಿಡಬೇಕು.”

“ಪುಸ್ತಕದಲ್ಲಿ ಹಾಗಿಲ್ಲ ಸರ್.”

“ಪುಸ್ತಕ ಬರೆದವನು ಗುಡ್ಡ ಹತ್ತಿದಾನಾ? ಇಳಿಸು ನನ್ನ. ಇಷ್ಟು ಹೊತ್ತು ಹಲ್ಲು ಮಾತ್ರ ನೋಯ್ತಿತ್ತು.”

ಇಳಿದವರು ಟವೆಲು ಬಿಗಿದುಕೊಂಡು ಬಿರಬಿರನೆ ನಡೆದುಹೋದರು. ನಿಧಾನಯ್ಯ ಎರಡನೆಯ ಸಿಗ್ನಲ್ ದಾಟುವ ಹೊತ್ತಿಗೆ ಹಲ್ಲು ಕೀಳಿಸಿಕೊಂಡು, ಬಾಯಿಗೆ ಹತ್ತಿ ತುರುಕಿಸಿಕೊಂಡು ಎದುರಿನಿಂದ ವಾಪಸು ಬರುತ್ತಿದ್ದರು. ಬಾಯಿ ಬಿಡಲಾಗದ್ದರಿಂದ ಕಾಲಿನಿಂದ ನೆಲ ಒತ್ತಿ, ಬಿಟ್ಟು, ಒತ್ತಿ ತೋರಿಸಿದರು.

ಮುಂದಿನ ಬಸ್ ನಿಲ್ದಾಣದಲ್ಲಿ ಹೆಂಡತಿಯ ಅಕ್ಕ ನಿಂತಿದ್ದರು. ಎರಡು ಕೈಚೀಲ, ಒಂದು ಕೊಡೆ, ಯಾವಾಗಲೂ ಇರುವ ಸಿಟ್ಟು. ಕೆಂಪು ಕಾರನ್ನು ಕಂಡದ್ದೇ ಮುಖ ಅರಳಿಸಿ ಕೊಡೆಯನ್ನೆತ್ತಿ ರಸ್ತೆಗೇ ಬಂದರು.

ಗಕ್ಕನೆ ಬ್ರೇಕ್ ಹಾಕುವಂತಿಲ್ಲ. ನಿಧಾನಯ್ಯ ಮೃದುವಾಗಿ, ಮಲಗಿದ ಮಗುವಿಗೆ ಹೊದಿಕೆ ಹೊದಿಸುವಷ್ಟು ಮೃದುವಾಗಿ ಬ್ರೇಕ್ ಮುಟ್ಟಿದ. ಕಾರು ಅತ್ತಿಗೆಯ ಪಕ್ಕದಿಂದ ಸಾಗಿತು. ಏನೂ ತೋಚದೆ ಅವನು ಹಲ್ಲು ಬಿಟ್ಟು ಕೈ ಬೀಸಿದ. ಅವರು ಗಾಜು ತಟ್ಟುತ್ತ ಜೊತೆಗೇ ನಡೆದು ಬಂದರು, ಏನೋ ಕೂಗಿದರು, ಕೊನೆಗೆ ಕೈಬಿಟ್ಟು ಹಿಂದೆ ಉಳಿದರು. ಕಾರು ಪೂರ್ತಿ ನಿಂತಾಗ ಅವನು ಕನ್ನಡಿಯಲ್ಲಿ ನೋಡಿದರೆ ನಿಲ್ದಾಣ ಖಾಲಿ. ಬಸ್ಸೊಂದು ಅವನನ್ನೇ ದಾಟಿಕೊಂಡು ಹೋಯಿತು. ಅದರ ಕಿಟಕಿಯಿಂದ ಒಂದು ಕೊಡೆ ಅವನತ್ತ ಅಲ್ಲಾಡಿತು.

ಹತ್ತು ನಿಮಿಷಕ್ಕೆ ಫೋನ್ ಬಂದು, ಕಾರಿನ ಹನ್ನೆರಡು ಧ್ವನಿವರ್ಧಕಗಳಿಂದಲೂ ಹೆಂಡತಿಯ ಧ್ವನಿ ಮೊಳಗಿತು.

“ನಮ್ಮಕ್ಕ ಕೈ ತೋರಿಸಿದ್ರೆ ಹಲ್ಲು ಕಿರಿದು ಹೋದ್ರಂತೆ!”

“ನಿಲ್ಲಿಸ್ತಾನೇ ಇದ್ದೆ ಕಣೇ. ನಿಂತಾಗ ಅವರಿರಲಿಲ್ಲ.”

“ಪಕ್ಕದಲ್ಲೇ ಇಪ್ಪತ್ತು ಹೆಜ್ಜೆ ನಡೆದಿದಾಳೆ! ಕಾರಲ್ಲಿ ಕೂತವರಿಗೆ ನಡೀತಿರೋರು ಕಾಣಲ್ವಾ? ಅಮ್ಮನಿಗೂ ಫೋನ್ ಮಾಡಿ ಹೇಳಿದಾಳೆ. ಇವತ್ತು ಸಾಯಂಕಾಲ ಇಬ್ಬರೂ ಬರ್ತಿದಾರೆ. ನೀವೇ ಉತ್ತರ ಕೊಟ್ಕೊಳ್ಳಿ.”

ಹೊರವರ್ತುಲ ರಸ್ತೆಗೆ ಬಂದಾಗ ಹತ್ತೂವರೆ. ಇಲ್ಲಿ ಪುಸ್ತಕದ ಎರಡನೆಯ ಸಾಲಿನ ಪಾಲನೆ: ಒಂದೇ ವೇಗ ಸಲ್ಲದು. ಇಪ್ಪತ್ತು, ಮೂವತ್ತೈದು, ಇಪ್ಪತ್ತೈದು, ನಲವತ್ತು, ಮತ್ತೆ ಇಪ್ಪತ್ತು. ಹಿಂದಿನಿಂದ ಹಾರ್ನಿನ ಸುರಿಮಳೆ. ಸೈಕಲ್ ಸವಾರನೊಬ್ಬ ಅವನನ್ನು ಮೂರು ಬಾರಿ ದಾಟಿದ, ಮೂರು ಬಾರಿ ಹಿಂದುಳಿದ, ನಾಲ್ಕನೆಯ ಸಲ ದಾಟುವಾಗ “ಹುಷಾರಿಲ್ವಾ ಸರ್?” ಎಂದು ವಿಚಾರಿಸಿದ. ಆಮೇಲೆ ಹೂಹಾರ ಹೊತ್ತ ಶವವಾಹನ ಹಿಂದಿನಿಂದ ಬಂದು, ತುಸು ಹೊತ್ತು ಸೈರಿಸಿಕೊಂಡು, ಅವನನ್ನು ದಾಟಿಹೋಯಿತು. ಒಳಗೆ ಕೂತ ಬಂಧುಗಳು ತಮ್ಮ ದುಃಖವನ್ನು ಒಂದು ಕ್ಷಣ ಮರೆತು ಅವನತ್ತ ಕನಿಕರದಿಂದ ನೋಡಿದರು.

ಅವನ ಬಲಗಾಲಿನ ಕೆಳಗೆ ಐನೂರು ಕುದುರೆಗಳು ಕೆನೆಯದೆ, ಕಾಲು ಕೆದರದೆ ಕಾದು ನಿಂತಿದ್ದವು. ಒಂದೇ ಒಂದು ಬಾರಿ... ಅವನ ಹೆಬ್ಬೆರಳು ಬೂಟಿನೊಳಗೆ ಅಲ್ಲಾಡಿತು. ಕಣ್ಣೆದುರು ಕುರ್ಚಿ ಬಂತು. ಹೆಬ್ಬೆರಳು ಸುಮ್ಮನಾಯಿತು.

ಅಷ್ಟರಲ್ಲಿ ಪೊಲೀಸ್ ಜೀಪು ಅಡ್ಡ ಬಂದು ನಿಂತಿತು. ನಿಧಾನಯ್ಯ ಮೃದುವಾಗಿ ಬ್ರೇಕ್ ಹಾಕಿದ. ಜೀಪಿನವರು ತಮ್ಮ ಜೀಪನ್ನು ಇನ್ನಷ್ಟು ಮುಂದೆ ತೆಗೆದುಕೊಳ್ಳಬೇಕಾಯಿತು.

“ಬೆಳಿಗ್ಗೇನೇ ಹಾಕ್ಕೊಂಡಿದೀರಾ?” ಇನ್ಸ್‌ಪೆಕ್ಟರು ಕಿಟಕಿಗೆ ಮೂಗು ತಂದರು. “ಒಂದ್ಸಲ ಜೋರು, ಒಂದ್ಸಲ ಮೆಲ್ಲಗೆ. ಅರ್ಧ ಗಂಟೆಯಿಂದ ನೋಡ್ತಿದೀನಿ.”

“ಇಲ್ಲ ಸರ್, ಅರವತ್ತೊಂದನೇ ಪುಟ.”

“ಊದಿ.”

ಊದಿದ. ಯಂತ್ರ ಸೊನ್ನೆ ತೋರಿಸಿತು. ಇನ್ಸ್‌ಪೆಕ್ಟರಿಗೆ ಯಂತ್ರದ ಮೇಲೇ ಅನುಮಾನ ಬಂದು, ರಸ್ತೆಯ ಬಿಳಿ ಗೆರೆಯ ಮೇಲೆ ಹನ್ನೆರಡು ಹೆಜ್ಜೆ ನಡೆಯಲು ಹೇಳಿದರು. ಗೆರೆ ಎಂದ ಮೇಲೆ ನಿಧಾನಯ್ಯ ಉದಾಸೀನ ಮಾಡುವವನಲ್ಲ. ಪ್ರತಿ ಹೆಜ್ಜೆಯನ್ನೂ ಇಟ್ಟು, ಬಗ್ಗಿ ನೋಡಿ, ಸರಿಯಿದೆಯೆಂದು ಖಚಿತಪಡಿಸಿಕೊಂಡು ಮುಂದಿನದನ್ನು ಇಟ್ಟ. ಆರು ನಿಮಿಷ ಹಿಡಿಯಿತು.

“ಕುಡಿದವರೇ ವಾಸಿ ಕಣ್ರೀ,” ಎಂದು ಇನ್ಸ್‌ಪೆಕ್ಟರು ಬೆವರು ಒರೆಸಿಕೊಂಡರು. ಆಮೇಲೆ ಕಾರನ್ನು ಒಮ್ಮೆ ಸುತ್ತಿ ಬಂದರು. ಮುಖದಲ್ಲಿ ಹತ್ತು ವರ್ಷ ಇಳಿಯಿತು. “ಅಲ್ರೀ, ಇದರ ಸದ್ದು ಜೋರಾಗಿರತ್ತಂತೆ. ಒಂದ್ಸಲ ಒತ್ತಿ ಕೇಳ್ಸಿ, ಬಿಟ್ಟುಬಿಡ್ತೀನಿ.”

“ಆಗಲ್ಲ ಸರ್. ಕೆಲಸ ಹೋಗತ್ತೆ.”

“ಪೊಲೀಸ್ ಹೇಳ್ತಿದೀನಿ.”

“ಹೌದು ಸರ್. ಆದ್ರೆ ಪೆಟ್ಟಿಗೆ ಬರ್ಕೊಳತ್ತೆ ಸರ್.”

ಇನ್ಸ್‌ಪೆಕ್ಟರ ಮುಖದಲ್ಲಿ ಆ ಹತ್ತು ವರ್ಷ ವಾಪಸು ಬಂತು. ಕಾಗದಪತ್ರಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡುತ್ತ ಒಂದು ಗಂಟೆ ಕಳೆದರು.

ಮಧ್ಯಾಹ್ನ ಅವನು ವರ್ತುಲ ರಸ್ತೆಯ ಐದನೆಯ ಸುತ್ತಿನಲ್ಲಿದ್ದ. ಆ ರಸ್ತೆಯಲ್ಲೊಂದು ಬ್ಯಾಂಕು, ಬ್ಯಾಂಕಿನ ಮುಂದೊಬ್ಬ ಕಾವಲುಗಾರ. ಹದಿನೆಂಟು ವರ್ಷ ಬಂದೂಕು ಹಿಡಿದು ನಿಂತು, ಒಬ್ಬ ಕಳ್ಳನನ್ನೂ ಕಾಣದೆ ಬೇಸತ್ತಿದ್ದ ಮನುಷ್ಯ. ವೇಗದ ಕಾರು, ಐದನೆಯ ಸಲ ಹಾದುಹೋಗುತ್ತಿದೆ, ಬ್ಯಾಂಕಿನ ಮುಂದೆ ಬಂದಾಗಲೆಲ್ಲ ಮೆಲ್ಲಗಾಗುತ್ತಿದೆ. ಅವನ ಬದುಕು ಸಾರ್ಥಕವಾಗುವ ಗಳಿಗೆ ಬಂದೇಬಿಟ್ಟಿತ್ತು.

ಆರನೆಯ ಸುತ್ತಿಗೆ ರಸ್ತೆಗೆ ಅಡ್ಡಲಾಗಿ ಬೆಂಚು ಇಟ್ಟಿದ್ದರು. ಬೆಂಚಿನ ಹಿಂದೆ ಬಂದೂಕು, ಬಂದೂಕಿನ ಹಿಂದೆ ಕಾವಲುಗಾರ, ಅವನ ಹಿಂದೆ ಮ್ಯಾನೇಜರು, ಮ್ಯಾನೇಜರ ಹಿಂದೆ ನೂರು ಜನ.

“ಇಳಿಯೋ ಕೆಳಗೆ! ನಿನ್ನ ಕಡೆಯವರೆಲ್ಲಿ?”

“ನನ್ನ ಕಡೆ ಯಾರೂ ಇಲ್ಲ,” ಎಂದ ನಿಧಾನಯ್ಯ. ಬೆಳಗಿನಿಂದ ಆಡಿದ ಮಾತುಗಳಲ್ಲಿ ಇಷ್ಟು ಸತ್ಯವಾದದ್ದು ಮತ್ತೊಂದಿರಲಿಲ್ಲ.

“ಇವನನ್ನ ನೋಡಿದ್ರೇ ಗೊತ್ತಾಗತ್ತೆ,” ಎಂದರು ಗುಂಪಿನಲ್ಲೊಬ್ಬರು. “ಮುಖ ಎಷ್ಟು ಪಾಪದ್ದು ನೋಡಿ. ಕಳ್ಳರದ್ದೇ ಹಾಗೆ.”

“ಕಳ್ಳ ಇಷ್ಟು ನಿಧಾನ ಬರ್ತಾನೇನ್ರೀ?” ಎಂದರು ಇನ್ನೊಬ್ಬರು.

“ಅದೇ ಚಾಲಾಕಿ!”

ಪೊಲೀಸರು ಬಂದರು. ಅದೇ ಜೀಪು. ಅದೇ ಇನ್ಸ್‌ಪೆಕ್ಟರು. ನಿಧಾನಯ್ಯನನ್ನು ಕಂಡು ಟೋಪಿ ತೆಗೆದು ತಲೆ ಕೆರೆದುಕೊಂಡರು.

“ಮತ್ತೆ ನೀವಾ?”

“ಅರವತ್ತೊಂದನೇ ಪುಟ ಸರ್,” ಎಂದ ಅವನು; ಅಳುವುದೊಂದು ಬಾಕಿ.

ಪುಟವನ್ನು ಮ್ಯಾನೇಜರು ಓದಿದರು, ಕಾವಲುಗಾರನಿಗೆ ಓದಿ ಹೇಳಿದರು, ಅವನು ನಂಬಲೊಲ್ಲದೆ ಮತ್ತೊಮ್ಮೆ ಓದಿಸಿದ. ಇನ್ಸ್‌ಪೆಕ್ಟರು ಹೇಳಿಕೆ ಬರೆದುಕೊಂಡು, ಕೆಳಗೆ ಸಹಿ ಹಾಕೆಂದರು. ಸಹಿ ಹಾಕುವ ಮುನ್ನ ನಿಧಾನಯ್ಯನಿಗೆ ಅದನ್ನೊಮ್ಮೆ ಓದದಿರಲಾಗಲಿಲ್ಲ. ಓದಿದ ಮೇಲೆ ಹನ್ನೊಂದು ತಪ್ಪು ಕಾಣದಿರಲಿಲ್ಲ. ಕಂಡ ಮೇಲೆ ಕೆಂಪು ಪೆನ್ನು ಸುಮ್ಮನಿರಲಿಲ್ಲ. ಇನ್ಸ್‌ಪೆಕ್ಟರು ಹೊಸ ಹಾಳೆ ತೆಗೆದು ಮೊದಲಿನಿಂದ ಬರೆದರು.

ಅವನನ್ನು ಬಿಟ್ಟಾಗ ನಾಲ್ಕೂವರೆ. ಮೀಟರಿನಲ್ಲಿ ಸಾವಿರದ ನಾನೂರ ಮೂವತ್ತಾರು. ಅರವತ್ತನಾಲ್ಕು ಕಿಲೋಮೀಟರು, ಒಂದೂವರೆ ಗಂಟೆ.

ಜೀವಮಾನದಲ್ಲೇ ಮೊದಲ ಬಾರಿಗೆ ನಿಧಾನಯ್ಯ ಅವಸರಪಟ್ಟ. ಐವತ್ತು. ಅರವತ್ತು. ಸುತ್ತಿನ ಮುಳ್ಳು ಸಾವಿರದ ಒಂಬೈನೂರರ ಬಳಿ ನಡುಗುತ್ತಿತ್ತು. ಅವನು ಅದಕ್ಕಿಂತ ಹೆಚ್ಚು ನಡುಗುತ್ತಿದ್ದ. ಮುಂದೊಂದು ಲಾರಿ ತೆವಳುತ್ತಿತ್ತು. ಒಂದು ಚಿಟಿಕೆ ಹೆಚ್ಚು ಒತ್ತಿದರೆ ದಾಟಬಹುದು. ಒತ್ತಲಿಲ್ಲ. ಲಾರಿಯ ಹೊಗೆ ಕುಡಿಯುತ್ತ ಹನ್ನೆರಡು ಕಿಲೋಮೀಟರು ಅದರ ಬಾಲ ಹಿಡಿದು ಬಂದ. ಐದು ನಲವತ್ತಾರು. ಐದು ಐವತ್ತೊಂದು. ಲಾರಿ ತಿರುಗಿ ಹೋಯಿತು. ಐದು ಐವತ್ತೈದಕ್ಕೆ ಮುದ್ರಣಾಲಯದ ಗೇಟು ಹೊಕ್ಕಾಗ ಮೀಟರು ನೋಡಿದರೆ, ಇನ್ನೂ ಎಂಟುನೂರು ಮೀಟರು ಬಾಕಿ!

ಅಂಗಳದಲ್ಲೇ ಸುತ್ತಲಾರಂಭಿಸಿದ. ಕಾಗದದ ಉರುಳೆಗಳ ಬದಿಯಿಂದ, ಮಾಲೀಕರ ಕಿಟಕಿಯ ಮುಂದಿನಿಂದ, ಮತ್ತೆ ಉರುಳೆಗಳ ಬದಿಯಿಂದ. ಅಚ್ಚಿನ ಯಂತ್ರಗಳು ನಿಂತವು. ಎಲ್ಲ ಕಿಟಕಿಗಳಲ್ಲೂ ತಲೆಗಳು ಮೂಡಿದವು. “ಇನ್ನೊಂದು ಸುತ್ತು ನಿಧಾನಣ್ಣ!” “ಬಲಕ್ಕೆ, ಬಲಕ್ಕೆ!” ಬೈಂಡಿಂಗ್ ವಿಭಾಗದ ಹೆಂಗಸರು ಸುತ್ತು ಎಣಿಸತೊಡಗಿದರು. ಸರಸರ ಮಾತ್ರ ಬಾಗಿಲಿಗೆ ಒರಗಿ, ಉಗುರು ಕಚ್ಚುತ್ತ ನಿಂತಿದ್ದ.

ಆರಕ್ಕೆ ಅರ್ಧ ನಿಮಿಷವಿರುವಾಗ ಮೀಟರು ಒಂದೂವರೆ ಸಾವಿರ ತೋರಿಸಿತು.

ಮೆಕ್ಯಾನಿಕ್ ತನ್ನ ಉಪಕರಣವನ್ನು ಕಾರಿಗೆ ಜೋಡಿಸಿದ.

“ನಾಲ್ಕು ಸಾವಿರ ದಾಟಿಲ್ಲ ಸರ್. ಒಂದ್ಸಲಾನೂ ಇಲ್ಲ.”

ಮಾಲೀಕರು ನಿಧಾನಯ್ಯನನ್ನು ತಬ್ಬಿಕೊಂಡರು. ಕಿಟಕಿಗಳಿಂದ ಚಪ್ಪಾಳೆ. ಮೂರು ವಾರದಲ್ಲಿ ಮೊದಲ ಸಲ ಅವನ ಭುಜಗಳು ಕಿವಿಯ ಪಕ್ಕದಿಂದ ಕೆಳಗಿಳಿದವು.

“ಆದ್ರೆ ಸರ್,” ಎಂದ ಮೆಕ್ಯಾನಿಕ್, “ಎರಡು ಸಾವಿರನೂ ದಾಟಿಲ್ಲ.”

“ಒಳ್ಳೇದೇ ಆಯ್ತಲ್ಲ!”

ಮೆಕ್ಯಾನಿಕ್ ಬಾನೆಟ್ ಎತ್ತಿ ಇಂಜಿನ್ ಎಣ್ಣೆ ನೋಡುವ ಕಡ್ಡಿ ಎಳೆದ. ಒರೆಸಿ, ಮತ್ತೆ ಇಳಿಸಿ, ಮತ್ತೆ ಎಳೆದ. ಕಡ್ಡಿಯ ತುದಿ ಬಹುಪಾಲು ಒಣಗಿತ್ತು. ಇಂಜಿನ್ ಶುರುಮಾಡಿ ಹಿಂದೆ ನೋಡಿದ. ಕೊಳವೆಯಿಂದ ನೀಲಿ ಹೊಗೆ ಸೋಮಾರಿಯಾಗಿ ಮೇಲೆದ್ದಿತು.

“ಎಣ್ಣೆ ಕುಡೀತಿದೆ ಸರ್. ಪಿಸ್ಟನ್ ರಿಂಗುಗಳು ಸಿಲಿಂಡರ್ ಗೋಡೆಗೆ ಒತ್ತಿ ಉಜ್ಜಿ ಸರಿಯಾಗಿ ಕೂರಬೇಕು. ಅದಕ್ಕೆ ಆಗಾಗ ಮೂರು, ಮೂರೂವರೆ ಸಾವಿರದ ತನಕ ಎಳೀಬೇಕು. ನಾಲ್ಕು ದಾಟಬಾರದು ಅಂದ್ರೆ ನಾಲ್ಕರ ಹತ್ರಾನೂ ಹೋಗಬಾರದು ಅಂತ ಅಲ್ಲ. ಇವರು ಹೊಸ ಚಪ್ಪಲೀನ ಕೈಯಲ್ಲಿ ಹಿಡ್ಕೊಂಡು ಒಂದೂವರೆ ಸಾವಿರ ಕಿಲೋಮೀಟರ್ ನಡೆದಿದಾರೆ. ಗೋಡೆ ಈಗ ಕನ್ನಡಿ ಥರ ನುಣ್ಣಗಾಗಿದೆ, ಇನ್ನು ರಿಂಗು ಕೂರಲ್ಲ. ಇಂಜಿನ್ ಬಿಚ್ಚಬೇಕು.”

“ನಾಳೆ ಪಂದ್ಯ?”

“ಮೂರು ವಾರ ಆಗತ್ತೆ ಸರ್. ಆಮೇಲೆ ಮತ್ತೆ ಸೊನ್ನೆಯಿಂದ ಒಂದೂವರೆ ಸಾವಿರ.”

ಚಪ್ಪಾಳೆ ಎಂದೋ ನಿಂತಿತ್ತು. ಕಿಟಕಿಗಳಲ್ಲಿದ್ದ ತಲೆಗಳು ಒಂದೊಂದಾಗಿ ಒಳಗೆ ಹೋದವು. ನಿಧಾನಯ್ಯ ಅಂಗಳದ ನಡುವೆ ಅಂಟು ಬಿಟ್ಟ ಚೀಟಿಯಂತೆ ನಿಂತ. ಬೆಳಗಿನಿಂದ ಎಷ್ಟು ಜನ ಒತ್ತು ಒತ್ತು ಎಂದಿದ್ದರು! ಎಲ್ಲರ ಮಾತನ್ನೂ ಮೀರಿ ಗೆದ್ದು ಬಂದಿದ್ದ.

“ತಪ್ಪಾಯ್ತು ಸರ್,” ಎಂದ. ಇಪ್ಪತ್ತೆರಡು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು.

ಮಾಲೀಕರು ನೀಲಿ ಹೊಗೆಯನ್ನು ಕೈಯಿಂದ ಬೀಸಿ ಸರಿಸಿದರು. ಆಮೇಲೆ ಹೇಳಿದರು: “ರೀ ನಿಧಾನಯ್ಯ, ಮಾತು ಅಂದ್ರೆ ಮಾತು. ನಾಲ್ಕು ಸಾವಿರ ದಾಟಿದ್ರೆ ಮನೆಗೆ ಅಂದಿದ್ದೆ. ದಾಟಿಲ್ಲ. ಕುರ್ಚಿ ನಿಮ್ಮದೇ.”

ಅವನಿಗೆ ಕಿವಿಯನ್ನು ನಂಬಲಾಗಲಿಲ್ಲ. “ಸರ್! ಹಾಗಾದ್ರೆ ಸರಸರ...?”

“ಅವನನ್ನ ನಾನು ಕಳಿಸ್ತೀನಾ? ಈ ಕಾರಿಗೆ ಕಾಲಲ್ಲಿ ಜೀವ ಇರೋ ಮನುಷ್ಯ ಬೇಕು ಅಂತ ಈಗ ಗೊತ್ತಾಯ್ತಲ್ಲ. ಇವತ್ತಿಂದ ಅವನು ಕಾರಿನ ಕೆಲಸಕ್ಕೆ. ರಿಪೇರಿ ಮಾಡಿಸೋದು, ಓಡಿಸೋದು, ಪಂದ್ಯಕ್ಕೆ ತಯಾರು ಮಾಡೋದು, ಎಲ್ಲಾ ಅವನೇ.”

“ಅವನ ಪುಟಗಳು ಸರ್?”

“ಪ್ರೂಫ್ ಕೋಣೆಯಲ್ಲಿ ಇರೋದು ಒಂದೇ ಕುರ್ಚಿ ಅಂದ ಮೇಲೆ ಕೂತವರೇ ನೋಡ್ಕೋಬೇಕಲ್ರೀ. ಅವನ ಮೂವತ್ತು, ನಿಮ್ಮ ಆರು. ದಿನಕ್ಕೆ ಮೂವತ್ತಾರು. ಒಂದು ದಿನ ಕಮ್ಮಿಯಾದ್ರೂ ಹೇಳಿ, ಆ ಕುರ್ಚಿಯನ್ನೂ ತೆಗೆಸಿಬಿಡೋಣ.”

ನಿಧಾನಯ್ಯ ಪ್ರೂಫ್ ಕೋಣೆಗೆ ಬಂದ. ಅವನ ಮೇಜು ಕಾಣುತ್ತಿರಲಿಲ್ಲ. ಸರಸರ ತನ್ನ ಮೇಜಿನ ಹಾಳೆಗಳನ್ನೆಲ್ಲ ಎರಡೇ ತೋಳಿಗೆ ಬಾಚಿ, ಅವನ ಮೇಜಿನ ಮೇಲೆ ಸುರಿದು, ಖಾಲಿ ಕುರ್ಚಿಯನ್ನು ಮಡಚಿ ಗೋಡೆಗೆ ಒರಗಿಸಿ ಆಗಿತ್ತು. ಎಲ್ಲದಕ್ಕೂ ಸೇರಿ ಅವನಿಗೆ ಒಂದು ನಿಮಿಷ ಹಿಡಿದಿರಬಹುದು.

“ಬೆಳಿಗ್ಗೆ ಹತ್ತಕ್ಕೆ ಮೊದಲ ಕಟ್ಟು ಬೇಕಂತೆ ಅಣ್ಣಾ,” ಎಂದ ಸರಸರ, ಕಾರಿನ ಕೀಲಿಯನ್ನು ಬೆರಳಿನಲ್ಲಿ ತಿರುಗಿಸುತ್ತ.

ನಿಧಾನಯ್ಯ ಕೂತ. ಮೇಲಿನ ಹಾಳೆ ಎಳೆದುಕೊಂಡ. ಕೆಂಪು ಪೆನ್ನು ತೆರೆದ. ಮೊದಲ ಸಾಲಿನಲ್ಲೇ ಮೂರು ತಪ್ಪು.

ಸರಸರ ಬಾಗಿಲಲ್ಲಿ ತಿರುಗಿ ನಿಂತು, ನಿಜವಾದ ಕರುಣೆಯಿಂದ ಹೇಳಿದ:

“ಶುರುವಿಗೆ ಸ್ವಲ್ಪ ಕಷ್ಟ ಆಗತ್ತೆ ಅಣ್ಣಾ. ಪಳಗ್ತೀರ ಬಿಡಿ.”